ಲೈಬೀರಿಯಾದಲ್ಲಿ ಮತ ಎಣಿಕೆ ಮುಗಿದ ಮೇಲೆ

2005ರಲ್ಲಿ ನಾನು ವಿಶ್ವಸಂಸ್ಥೆಯ ಸ್ವಯಂಸೇವಕನಾಗಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಅಧ್ಯಕ್ಷ ಚುನಾವಣೆಯಲ್ಲಿ ಕೆಲಸ ಮಾಡಿದೆ. ನನಗೆ ಸಿಕ್ಕಿದ್ದು ಬಾಂಗ್ ಕೌಂಟಿ. ಅಂತರ್ಯುದ್ಧದ ಕಾಲದಲ್ಲಿ, ಬಂಡುಕೋರ ನಾಯಕನಾಗಿದ್ದು ಆಮೇಲೆ ಅಧ್ಯಕ್ಷರಾದ ಚಾರ್ಲ್ಸ್ ಟೇಲರ್ ಅವರ ಬಣ ಬೀಡುಬಿಟ್ಟಿದ್ದು ಅಲ್ಲೇ. 2003ರ ಆಗಸ್ಟ್‌ನಲ್ಲಿ ಟೇಲರ್ ದೇಶ ಬಿಟ್ಟರು. ಅದೇ ತಿಂಗಳು ಘಾನಾದ ರಾಜಧಾನಿ ಅಕ್ರಾದಲ್ಲಿ ಶಾಂತಿ ಒಪ್ಪಂದ ಆಯಿತು. ಮಧ್ಯಂತರ ಸರ್ಕಾರದ ಮುಖ್ಯಸ್ಥರು, ಮಂತ್ರಿಗಳು ಮುಂದಿನ ಚುನಾವಣೆಗೆ ನಿಲ್ಲುವಂತಿಲ್ಲ ಅಂತ ಅದರಲ್ಲೇ ಬರೆದಿದ್ದರು. ಒಳ್ಳೆಯ ಷರತ್ತು. ಕುರ್ಚಿಯಲ್ಲಿ ಕೂತವರೇ ಅಭ್ಯರ್ಥಿಯಾದರೆ ನಂಬುವವರು ಯಾರು?

ಭಯ ಬೇರೆಡೆ ಇತ್ತು. ಒಂದು ಲಕ್ಷಕ್ಕೂ ಜಾಸ್ತಿ ಜನ ಮಾಜಿ ಹೋರಾಟಗಾರರೆಂದು ಹೆಸರು ಬರೆಸಿದ್ದರು. ಒಪ್ಪಿಸಿದ ಬಂದೂಕುಗಳು ಅದರ ಮೂರನೇ ಒಂದು ಭಾಗವೂ ಇರಲಿಲ್ಲ.

ಅಕ್ಟೋಬರ್ 11ರ ಮೊದಲ ಸುತ್ತಿನಲ್ಲಿ 22 ಅಭ್ಯರ್ಥಿಗಳು. ಫುಟ್‌ಬಾಲ್ ಆಟಗಾರ ಜಾರ್ಜ್ ವೇಯಾಗೆ ಶೇ 28, ಎಲೆನ್ ಜಾನ್ಸನ್ ಸರ್ಲೀಫ್‌ಗೆ ಶೇ 20ರ ಹತ್ತಿರ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿತ್ತು. ಹಾಗಾಗಿ ನವೆಂಬರ್ 8ಕ್ಕೆ ಈ ಇಬ್ಬರ ನಡುವೆ ಎರಡನೇ ಸುತ್ತು ನಡೆಯಿತು. ಸರ್ಲೀಫ್ ಶೇ 59 ಪಡೆದು ಗೆದ್ದರು. ಮೋಸ ಆಗಿದೆ ಅಂತ ವೇಯಾ ಪಕ್ಷ ದೂರು ಕೊಟ್ಟಿತು. ರಾಜಧಾನಿ ಮನ್ರೋವಿಯಾದಲ್ಲಿ ಅವರ ಬೆಂಬಲಿಗ ಹುಡುಗರು ಬೀದಿಗಿಳಿದರು.

ನಮ್ಮ ಬಾಂಗ್ ಕೌಂಟಿಯ ವೇಯಾ ಬೆಂಬಲಿಗ ಹುಡುಗರೂ ಸಿಟ್ಟಾಗಿದ್ದರು. ಅವರ ಪ್ರಶ್ನೆ ಒಂದೇ: ಮೊದಲು ಮುಂದಿದ್ದವರು ಆಮೇಲೆ ಸೋತಿದ್ದು ಹೇಗೆ? ನ್ಯಾಯವಾದ ಪ್ರಶ್ನೆ ಅಲ್ವಾ? ಶಾಂತವಾಗಿರಿ ಅಂತ ಸುಮ್ನೆ ಬುದ್ಧಿ ಹೇಳಿದರೆ ಅದಕ್ಕೆ ಉತ್ತರ ಸಿಗುವುದಿಲ್ಲ. ಮತಗಟ್ಟೆಯಲ್ಲೇ ಬ್ಯಾಟರಿ ದೀಪದ ಬೆಳಕಿನಲ್ಲಿ ಎಣಿಕೆ ಆಗಿತ್ತು. ಅವರದೇ ಪಕ್ಷದ ಏಜೆಂಟರು ಎದುರು ಕೂತು ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದರು. ಆ ಪುಸ್ತಕಗಳನ್ನೇ ತರಿಸಿದೆ. ನನ್ನ ಬಳಿ ಇದ್ದ ಲೆಕ್ಕದ ಕಾಗದ ಚೀಲದಲ್ಲೇ ಇರಲಿ ಅಂತ ಬಿಟ್ಟೆ.

ಒಂದೊಂದು ಮತಗಟ್ಟೆಯ ಎರಡೂ ಸುತ್ತಿನ ಲೆಕ್ಕವನ್ನು ಅಕ್ಕಪಕ್ಕ ಬರೆದೆವು. ಬಹಳ ಕಡೆ ವೇಯಾ ಮತ ಕಡಿಮೆ ಆಗಿರಲಿಲ್ಲ. ಉಳಿದ 20 ಜನಕ್ಕೆ ಹಂಚಿಹೋಗಿದ್ದ ಮತಗಳಲ್ಲಿ ಜಾಸ್ತಿ ಪಾಲು ಸರ್ಲೀಫ್ ಕಡೆ ಹೋಗಿತ್ತು. ಹೆಂಗಸರ ಸಾಲಿನಲ್ಲಿ ಅವರಿಗಿದ್ದ ಬೆಂಬಲವನ್ನು ಹುಡುಗರೂ ಕಣ್ಣಾರೆ ನೋಡಿದ್ದರು. ಕೂಡಿದವರು ಅವರೇ, ನಾನು ಬರೀ ಗೆರೆ ಎಳೆದೆ.

ಎಲ್ಲರೂ ಒಪ್ಪಲಿಲ್ಲ. ಲೆಕ್ಕ ತಾಳೆಯಾಗದ ಒಂದೆರಡು ಕಡೆ ದೂರು ಬರೆಯಲು ನಾನೇ ಸಹಾಯ ಮಾಡಿದೆ. ಸೋತವರಿಗೆ ದೂರು ಕೊಡಲು ಒಂದು ಬಾಗಿಲು ತೆರೆದಿರಲೇಬೇಕು. ಡಿಸೆಂಬರ್‌ನಲ್ಲಿ ವೇಯಾ ತಮ್ಮ ಆಕ್ಷೇಪ ಕೈಬಿಟ್ಟರು. 2006ರ ಜನವರಿ 16ರಂದು ಸರ್ಲೀಫ್ ಪ್ರಮಾಣವಚನ ತೆಗೆದುಕೊಂಡರು.