ಮಳೆಯನ್ನು ನೋಡಿ ಭರಣಿ ತುಂಬಿಸಿ

ಕೊಡಗಿನಲ್ಲಿ ಸಂಸಾರ ಮಾಡುವವರು ಉಪ್ಪಿನಕಾಯಿ, ಹಪ್ಪಳ, ಹುಳಿಗಳ ಕೆಲಸವನ್ನು ಮಳೆಯ ಲೆಕ್ಕ ಹಿಡಿದು ಹಂಚಿಕೊಳ್ಳಬೇಕು. ಈಗಿನ ಹೆಣ್ಣುಮಕ್ಕಳು ಜೂನ್ ತಿಂಗಳಲ್ಲಿ, ಹೊರಗೆ ಮಳೆ ಹಿಡಿದು ಕೂತಿರುವಾಗ, ಮಾವಿನಕಾಯಿ ಹೆಚ್ಚಿ ಒಣಗಲು ಹಾಕುತ್ತಾರೆ. ಆಮೇಲೆ ಬೂಷ್ಟು ಬಂತೆಂದು ನನಗೆ ಫೋನು ಮಾಡುತ್ತಾರೆ. ಬಾರದೆ ಇನ್ನೇನಾದೀತು? ಕಾಡುಮಾವು, ಹಲಸಿನ ಹಪ್ಪಳ, ನಿಂಬೆ, ಹೀಗೆ ಬಿಸಿಲು ಕೇಳುವ ಕೆಲಸಗಳೆಲ್ಲ ಮೇ ತಿಂಗಳೊಳಗೇ ಮುಗಿದಿರಬೇಕು. ಉಪ್ಪನ್ನು ಹುರಿದು ಪೂರ್ತಿ ಆರಿಸಿಯೇ ಬಳಸಬೇಕು, ಏಕೆಂದರೆ ನಮ್ಮ ಹವೆಯಲ್ಲಿ ಅದು ಡಬ್ಬದಲ್ಲಿದ್ದರೂ ನೀರೊಡೆಯುತ್ತದೆ. ಭರಣಿಗಳನ್ನು ಬಿಸಿಲಿಗಿಟ್ಟ ದಿನವೇ ಕಂಬಳಿಗಳನ್ನೂ ಹರವಿ, ಸೌದೆಯನ್ನೂ ಒಳಗೆ ಸೇರಿಸಿಬಿಡಿ. ಆಮೇಲೆ ಸೆಪ್ಟೆಂಬರಿನ ತನಕ ಅದಕ್ಕೆ ಅವಕಾಶ ಸಿಗುವುದಿಲ್ಲ.

ಮಳೆಗಾಲಕ್ಕೆ ಒಲೆಯ ಕೆಲಸಗಳನ್ನಷ್ಟೇ ಉಳಿಸಿಕೊಳ್ಳಿ. ಬೈಂಬಳೆಯನ್ನು, ಅಂದರೆ ಬಿದಿರಿನ ಕಳಲೆಯನ್ನು, ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿ, ಬೇಯಿಸಿ, ನೀರು ಬಸಿದ ಮೇಲೆಯೇ ಉಪ್ಪುನೀರಿಗೆ ಹಾಕಬೇಕು. ಹಸಿಯದರಲ್ಲಿ ವಿಷದ ಅಂಶವಿರುವುದರಿಂದ ನೆನೆಸುವುದನ್ನಾಗಲಿ ಬೇಯಿಸುವುದನ್ನಾಗಲಿ ಬಿಡುವಂತಿಲ್ಲ.

ಆದರೆ ನನಗೆ ಸಿಟ್ಟು ಬರುವುದು ಕಾಚಂಪುಳಿಯ, ಅಂದರೆ ಹಣ್ಣಿನ ರಸ ಕಾಯಿಸಿ ಮಾಡುವ ನಮ್ಮ ಕಪ್ಪು ಹುಳಿಯ, ವಿಷಯದಲ್ಲಿ. ಮರದಿಂದ ಕಾಯಿಯನ್ನು ಕೆಡವಿ, ಹಿಂಡಿ, ಒಂದೇ ಸಂಜೆಯಲ್ಲಿ ಕುದಿಸಿ ಸೀಸೆಗೆ ಸುರಿದರೆ ಅದು ಕಾಚಂಪುಳಿಯಲ್ಲ. ಪಣಪುಳಿ (ಉಪ್ಪಾಗೆ) ಹಣ್ಣು ಹಳದಿಗೆ ತಿರುಗಿ ತಾನಾಗಿ ಉದುರಬೇಕು. ಅದನ್ನು ಬೆಳಿಗ್ಗೆ ಬೆಳಿಗ್ಗೆಯೇ ಆರಿಸಿ ತರಬೇಕು, ಕೊಳೆತದ್ದನ್ನು ಒಂದನ್ನೂ ಸೇರಿಸಬಾರದು. ಬಿದಿರಿನ ಕುಕ್ಕೆಯಲ್ಲಿ ಹಣ್ಣು ತುಂಬಿ, ಕೆಳಗೆ ಮಣ್ಣಿನ ಪಾತ್ರೆ ಇಟ್ಟು, ಮೇಲೆ ತೆಳು ಬಟ್ಟೆ ಹೊದಿಸಿ ಸುಮ್ಮನೆ ಬಿಡಿ. ಹಣ್ಣು ಮೆತ್ತಗಾಗಿ ರಸ ತಾನೇ ತೊಟ್ಟಿಕ್ಕಬೇಕು. ಕೈಯಿಂದ ಅದುಮಿದಿರೋ ತಿರುಳು ಕೆಳಗಿಳಿದು, ಕುದಿಯುವಾಗ ತಳ ಹಿಡಿದು ಇಡೀ ಪಾತ್ರೆ ಕಹಿಯಾಗುತ್ತದೆ. ನಮ್ಮತ್ತೆ ಆ ಕುಕ್ಕೆಯ ಹತ್ತಿರ ಮಕ್ಕಳನ್ನು ಸುಳಿಯಗೊಡುತ್ತಿರಲಿಲ್ಲ, ಒದ್ದೆ ಕೈಯ ಸೊಸೆಯರನ್ನಂತೂ ಗದರಿ ಓಡಿಸುತ್ತಿದ್ದರು.

ಸಾಕಷ್ಟು ರಸ ಕೂಡಿದ ಮೇಲೆ ಸೋಸಿ, ಮಣ್ಣಿನ ಪಾತ್ರೆಯಲ್ಲೇ ಸಣ್ಣ ಉರಿಯಲ್ಲಿ ಕಾಯಿಸಿ. ಅಲ್ಯೂಮಿನಿಯಂ ಪಾತ್ರೆಯನ್ನು ಹತ್ತಿರಕ್ಕೂ ತರಬೇಡಿ, ಈ ಹುಳಿ ಅದನ್ನು ತಿನ್ನುತ್ತದೆ. ನೊರೆ ತೆಗೆಯುತ್ತ, ಮರದ ಸೌಟಿನಿಂದ ತಳ ಮುಟ್ಟಿ ತಿರುಗಿಸುತ್ತ ಇದ್ದರೆ ಕಂದು ಬಣ್ಣ ಕಪ್ಪಿಗೆ ತಿರುಗುತ್ತದೆ. ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡಿ ನೋಡಿ: ನೀರು ಬಿಟ್ಟುಕೊಂಡು ಸರ್ರನೆ ಓಡಿದರೆ ಇನ್ನೂ ಆಗಿಲ್ಲ, ಜೇನಿನಂತೆ ತಡವರಿಸಿ ಇಳಿದರೆ ಇಳಿಸಿಬಿಡಿ. ರಾತ್ರಿಯೆಲ್ಲ ಆರಿದ ಮೇಲೆ ಒಣಗಿದ ಗಾಜಿನ ಸೀಸೆಗೆ ತುಂಬಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಈ ಹುಳಿ ಹಾಕಿ ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡುವವರು ಆಗಸ್ಟ್‌ನಲ್ಲೇ ಈ ಕೆಲಸ ಮುಗಿಸಿರಬೇಕು.

ಕಿತ್ತಳೆಯದು ಬೇರೆಯೇ ತಾಪತ್ರಯ. ಅದು ಕಾಫಿ ಕುಯ್ಲಿನ ಗಡಿಬಿಡಿಯಲ್ಲೇ ಹಣ್ಣಾಗುವುದರಿಂದ, ಸಿಪ್ಪೆಯನ್ನು ಕಾಫಿ ಕಣದ ಮೂಲೆಯಲ್ಲೇ ಒಣಗಿಸಿಕೊಳ್ಳಿ, ಗೊಜ್ಜಿಗಾಗುತ್ತದೆ. ಶರಬತ್ತಿಗೆ ಮಾತ್ರ ಆಳುಗಳು ಬಾರದ ಒಂದು ದಿನವನ್ನು ಮೊದಲೇ ಎತ್ತಿಟ್ಟುಕೊಳ್ಳಿ.