ಚದರಡಿ ರೇಟು ಮಾತಾಡುವ ಮೊದಲು ಮಣ್ಣಿನ ಲೆಕ್ಕ ಹಾಕಿ

ಮನೆ ಕಟ್ಟಿಸಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಚದರಡಿಗೆ ಎಷ್ಟು? ಗುತ್ತಿಗೆದಾರರು ಒಂದು ರೇಟು ಹೇಳುತ್ತಾರೆ. ಅದನ್ನು ಕಟ್ಟುವ ಜಾಗಕ್ಕೆ ಗುಣಿಸಿ ಬಜೆಟ್ ಆಯಿತು ಎಂದುಕೊಳ್ಳುತ್ತೇವೆ. ಆ ರೇಟಿನಲ್ಲಿ ನೆಲದ ಕೆಳಗಿನ ಕೆಲಸ ಎಷ್ಟು ಸೇರಿದೆ ಎಂದು ಕೇಳುವವರು ಕಡಿಮೆ. ಸಾಮಾನ್ಯವಾಗಿ ಪಾಯಕ್ಕೆ ಇಷ್ಟು ಅಡಿ ಆಳ ಎಂದು ಒಂದು ಮಿತಿ ಇರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಎಕ್ಸ್‌ಟ್ರಾ. ಬಂಡೆ ಸಿಕ್ಕರೆ ಎಕ್ಸ್‌ಟ್ರಾ. ಹೊರಗಿನಿಂದ ಮಣ್ಣು ತರಿಸುವುದು, ಸಂಪು, ಕಾಂಪೌಂಡು, ಬೋರ್‌ವೆಲ್ ಎಲ್ಲವೂ ಹೆಚ್ಚಿನ ಕಡೆ ಎಕ್ಸ್‌ಟ್ರಾ. ಗೋಡೆ ಏಳುವ ಮೊದಲೇ ಈ ಎಕ್ಸ್‌ಟ್ರಾಗಳಲ್ಲಿ ದುಡ್ಡು ಕರಗಿ, ಕೊನೆಗೆ ಬಾಗಿಲು, ಕಿಟಕಿ, ವೈರಿಂಗ್‌ನಲ್ಲಿ ಕೈ ಬಿಗಿ ಹಿಡಿದು ಕಟ್ಟಿದ ಮನೆಗಳು ಬೇಕಾದಷ್ಟಿವೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ನೆಲದ ಕೆಲಸಕ್ಕೆ ಬೇರೆಯೇ ಒಂದು ಬಜೆಟ್ ಮಾಡಿ. ಆ ಬಜೆಟ್ ಸಿದ್ಧವಾದ ಮೇಲೆ ಗುತ್ತಿಗೆದಾರರ ಹತ್ತಿರ ರೇಟು ಮಾತಾಡಿ. ಕೆಳಗೆ ಉದಾಹರಣೆಗೆ ನಮ್ಮ ಬಯಲುಸೀಮೆಯ ಒಂದು 30×40 ಸೈಟನ್ನು ಇಟ್ಟುಕೊಂಡಿದ್ದೇನೆ, ರಸ್ತೆಗಿಂತ ಎರಡು ಅಡಿ ತಗ್ಗಿನಲ್ಲಿರುವ ಸೈಟು.

ಮೊದಲು ಗಡಿ. ಪತ್ರದಲ್ಲಿ 30×40 ಇದ್ದರೂ ನೆಲದ ಮೇಲೆ ಅಷ್ಟು ಇರಬೇಕೆಂದಿಲ್ಲ. ಟೇಪು ಹಿಡಿದು ನಾಲ್ಕೂ ಬದಿ ಅಳೆಯಿರಿ, ಎರಡು ಕರ್ಣಗಳನ್ನೂ ಅಳೆಯಿರಿ. 30×40ರಲ್ಲಿ ಕರ್ಣ ಸರಿಯಾಗಿ 50 ಅಡಿ ಬರಬೇಕು. ಬರದಿದ್ದರೆ ಸೈಟು ಓರೆಯಾಗಿದೆ ಅಥವಾ ಕಲ್ಲು ಜರುಗಿದೆ ಎಂದರ್ಥ, ಪ್ಲಾನ್ ಬರೆಸುವ ಮೊದಲೇ ಸರ್ವೆ ಮಾಡಿಸಿ. ಪಕ್ಕದವರನ್ನೂ ಕರೆದು ಅವರ ಎದುರೇ ಅಳತೆ ಹಾಕಿಸಿದರೆ ಮುಂದೆ ಜಗಳ ಇರುವುದಿಲ್ಲ. ಪಕ್ಕದಲ್ಲಿ ಹಳೇ ಮನೆ ಇದ್ದರೆ ಅದರ ಗೋಡೆಯ ಬಿರುಕುಗಳ ಫೋಟೋ ಈಗಲೇ ತೆಗೆದಿಡಿ, ಅವರಿಗೂ ಕಳಿಸಿ. ಸೈಟಿನಲ್ಲಿ ಮರ ಇದ್ದರೆ ಕಡಿಯಲು ಅನುಮತಿ ಬೇಕು. ವಿದ್ಯುತ್ ಕಂಬವೋ ತಂತಿಯೋ ಅಡ್ಡ ಇದ್ದರೆ ಅದನ್ನು ಸರಿಸಲು ಅರ್ಜಿ ಹಾಕಿ ದುಡ್ಡು ಕಟ್ಟಬೇಕು, ಸಮಯವೂ ಹಿಡಿಯುತ್ತದೆ. ಇವನ್ನು ಪೂಜೆಗೆ ಮುಂಚೆಯೇ ಮುಗಿಸಿಕೊಳ್ಳಿ.

ಮಣ್ಣು ಯಾವುದು ಎಂದು ತಿಳಿಯದೆ ಹೆಜ್ಜೆ ಇಡಬೇಡಿ

ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಹೆಚ್ಚಾಗಿ ಕೆಂಪು ಮಣ್ಣು. ಮನೆಗೆ ಒಳ್ಳೆಯ ನೆಲ, ಆದರೆ ಕೆಲವು ಕಡೆ ನಾಲ್ಕೈದು ಅಡಿಗೇ ಬಂಡೆ ಸಿಗುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರು, ಕಲಬುರಗಿಯ ಕಡೆ ಎರೆ ಮಣ್ಣು ಜಾಸ್ತಿ. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮೇಲಿನ ಮನೆಯನ್ನೂ ಜೊತೆಗೆ ಆಡಿಸುತ್ತದೆ. ಅಲ್ಲಿ ಕೆಂಪು ಮಣ್ಣಿನ ಮನೆಯ ಪಾಯದ ಲೆಕ್ಕವನ್ನು ತಂದು ಹಾಕಿದರೆ ನಡೆಯುವುದಿಲ್ಲ. ಒಂದೋ ಎರೆ ಪದರವನ್ನು ದಾಟಿ ಗಟ್ಟಿ ನೆಲದವರೆಗೆ ಹೋಗಬೇಕು, ಇಲ್ಲವೇ ಕೆಳತುದಿಯಲ್ಲಿ ಅಗಲವಾಗುವ ಅಂಡರ್ ರೀಮ್ಡ್ ಪೈಲ್ ಹಾಕಬೇಕು. ಆ ಪೈಲುಗಳು ಸಾಮಾನ್ಯವಾಗಿ ಮೂರೂವರೆ ಮೀಟರ್‌ಗೆ ಕಡಿಮೆ ಇಲ್ಲದಷ್ಟು ಆಳ ಹೋಗುತ್ತವೆ. ಕರಾವಳಿಯಲ್ಲಿ ಮುರಕಲ್ಲು ಸಿಕ್ಕರೆ ಪುಣ್ಯ, ಗದ್ದೆ ತುಂಬಿಸಿದ ಸೈಟಾದರೆ ಎಚ್ಚರ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ತುಂಬಿಸಿದ ಜಾಗ. ಹಳೇ ಕೆರೆ ಅಂಗಳ, ಕಲ್ಲು ಕ್ವಾರಿ, ಇಟ್ಟಿಗೆ ಗೂಡಿಗೆ ಮಣ್ಣು ತೆಗೆದ ಹೊಂಡ ಇವನ್ನೆಲ್ಲ ಡೆಬ್ರಿಸ್‌ನಿಂದ ಮುಚ್ಚಿ ಲೇಔಟ್ ಮಾಡಿರುವುದುಂಟು. ಮೇಲಿನಿಂದ ನೋಡಿದರೆ ಚೆಂದದ ಸಮತಟ್ಟು ನೆಲ. ಇದನ್ನು ಕಂಡುಹಿಡಿಯಲು ಆ ಊರಿನ ವಯಸ್ಸಾದವರನ್ನು ಕೇಳುವುದು ಒಳ್ಳೆಯ ದಾರಿ: "ಇಲ್ಲಿ ಮೊದಲು ಏನಿತ್ತು ಯಜಮಾನ್ರೇ?" ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ ಗುರುತಾಗಿರುತ್ತವೆ, ಅದನ್ನೂ ನೋಡಿ. ಅಕ್ಕಪಕ್ಕ ಮನೆ ಕಟ್ಟುತ್ತಿದ್ದರೆ ಹೋಗಿ ಗುಂಡಿ ನೋಡಿ, ಎಷ್ಟು ಅಡಿಗೆ ಗಟ್ಟಿ ಸಿಕ್ಕಿತು ಎಂದು ಮೇಸ್ತ್ರಿಯನ್ನು ಕೇಳಿ.

ಆಮೇಲೆ ಮನೆ ಬರುವ ಜಾಗದಲ್ಲಿ ಒಂದು ಪರೀಕ್ಷಾ ಗುಂಡಿ ತೆಗೆಸಿ. ಆರೇಳು ಅಡಿ ಆಳ ಸಾಕು, ಆದರೆ ಸಡಿಲ ಮಣ್ಣಾದರೆ ಯಾರೂ ಒಳಗೆ ಇಳಿಯಬೇಡಿ, ಗೋಡೆ ಕುಸಿಯುತ್ತದೆ. ಎರಡು ಅಂತಸ್ತು ಅಥವಾ ಅದಕ್ಕಿಂತ ಹೆಚ್ಚು ಕಟ್ಟುವುದಿದ್ದರೆ, ಎರೆ ಮಣ್ಣು ಅಥವಾ ತುಂಬಿಸಿದ ನೆಲ ಎಂಬ ಅನುಮಾನವಿದ್ದರೆ, ಸಾಯಿಲ್ ಟೆಸ್ಟ್ ಮಾಡಿಸಲೇಬೇಕು. ಬೋರ್ ಹಾಕಿ 63.5 ಕೆ.ಜಿ. ತೂಕವನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಅದರಿಂದ ನೆಲ ಎಷ್ಟು ಭಾರ ತಡೆಯುತ್ತದೆ ಎಂಬ ಲೆಕ್ಕ ಬರುತ್ತದೆ.

ಇದು ಸುಮ್ನೆ ಖರ್ಚು ಎನ್ನುವವರಿದ್ದಾರೆ. ಒಂದು ಲೆಕ್ಕ ನೋಡಿ. ಒಂದು ಪಿಲ್ಲರ್ ಮೇಲೆ 30 ಟನ್ ಭಾರ ಬರುತ್ತದೆ ಎಂದುಕೊಳ್ಳೋಣ. ನೆಲ ಚದರ ಮೀಟರಿಗೆ 20 ಟನ್ ತಡೆದರೆ ಪಿಲ್ಲರಿನ ಕೆಳಗಿನ ಕಾಂಕ್ರೀಟ್ ತಳವಾದ ಫೂಟಿಂಗ್‌ಗೆ ಒಂದೂವರೆ ಚದರ ಮೀಟರ್ ಸಾಕು, ಅಂದರೆ ಸುಮಾರು ನಾಲ್ಕು ಅಡಿಗೆ ನಾಲ್ಕು ಅಡಿ. 10 ಟನ್ ಮಾತ್ರ ತಡೆದರೆ ಮೂರು ಚದರ ಮೀಟರ್ ಬೇಕು, ಅಂದರೆ ಹೆಚ್ಚುಕಡಿಮೆ ಐದೂಮುಕ್ಕಾಲು ಅಡಿ ಚೌಕ. ಪಿಲ್ಲರ್ ಒಂದಕ್ಕೆ ಇಷ್ಟು ವ್ಯತ್ಯಾಸವಾದರೆ ಹನ್ನೆರಡು ಪಿಲ್ಲರಿಗೆ ಕಬ್ಬಿಣ, ಕಾಂಕ್ರೀಟ್, ಅಗೆತ ಎಲ್ಲ ಎಷ್ಟು ಬದಲಾಗುತ್ತದೆ, ಅಲ್ವಾ? ನೆಲ ಚೆನ್ನಾಗಿದ್ದರೆ ಟೆಸ್ಟಿನ ದುಡ್ಡು ಕಬ್ಬಿಣದಲ್ಲೇ ವಾಪಸ್ ಬರುತ್ತದೆ. ನೆಲ ಚೆನ್ನಾಗಿಲ್ಲದಿದ್ದರೆ ಮನೆ ಉಳಿಯುತ್ತದೆ. ವರದಿ ಬಂದ ಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲಿ ಫೂಟಿಂಗ್ ಡ್ರಾಯಿಂಗ್ ಮಾಡಿಸಿ. "ಈ ಏರಿಯಾದಲ್ಲಿ ಎಲ್ಲರೂ ಐದಡಿ ತೆಗೆಯೋದು ಸಾರ್" ಎಂಬ ಮಾತಿನ ಮೇಲೆ ಪಾಯ ಹಾಕಬೇಡಿ.

ಮಟ್ಟ ಎಷ್ಟು ಎತ್ತರಿಸಬೇಕು

ಮನೆಯ ನೆಲಮಟ್ಟ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಮೇಲಿರಬೇಕು ಎಂಬುದು ಕಟ್ಟಡ ನಿಯಮ. ನನ್ನ ಪ್ರಕಾರ ಅಷ್ಟು ಸಾಲದು. ರಸ್ತೆಗೆ ಪ್ರತಿ ಸಲ ಡಾಂಬರು ಹಾಕಿದಾಗ ಎತ್ತರ ಏರುತ್ತಲೇ ಹೋಗುತ್ತದೆ, ನಿಮ್ಮ ಮನೆ ಏರುವುದಿಲ್ಲ. ಈಗಿನ ರಸ್ತೆಯಿಂದ ಎರಡು ಅಡಿಯಾದರೂ ಇಡಿ, ಇನ್ನೂ ಮಣ್ಣು ರಸ್ತೆಯೇ ಇದ್ದರೆ ಮೂರು ಅಡಿ. ಒಳಚರಂಡಿ ಚೇಂಬರ್ ಎಷ್ಟು ಆಳದಲ್ಲಿದೆ ಎಂದು ಮುಚ್ಚಳ ತೆಗೆಸಿ ನೋಡಿ. ಬಾತ್‌ರೂಮಿನಿಂದ ಅಲ್ಲಿಯವರೆಗೆ ಪೈಪಿಗೆ ಇಳಿಜಾರು ಸಿಗಬೇಕಲ್ಲ.

ಈಗ ನಮ್ಮ ಸೈಟಿನ ಮಣ್ಣಿನ ಲೆಕ್ಕ. ಸೈಟು ಪೂರ್ತಿ ರಸ್ತೆ ಮಟ್ಟಕ್ಕೆ ಬರಲು 1200 ಗುಣಿಸು 2, ಅಂದರೆ 2400 ಘನ ಅಡಿ. ಸುತ್ತ ಜಾಗ ಬಿಟ್ಟು ಮನೆ 800 ಚದರಡಿ ಎಂದುಕೊಂಡರೆ, ಅದರೊಳಗೆ ಇನ್ನೆರಡು ಅಡಿ ಎತ್ತರಿಸಲು 1600. ಗೋಡೆ, ಬೀಮು ಹಿಡಿಯುವ ಜಾಗ ಕಳೆದರೆ ಸುಮಾರು 1400. ಒಟ್ಟು 3800. ಹನ್ನೆರಡು ಗುಂಡಿ, ಒಂದೊಂದೂ 5×5×5 ಅಡಿ ಎಂದರೆ 1500 ಘನ ಅಡಿ ಮಣ್ಣು ಹೊರಗೆ ಬರುತ್ತದೆ. ಫೂಟಿಂಗ್ ಆದ ಮೇಲೆ ಹೆಚ್ಚಿನದು ಗುಂಡಿಗೇ ವಾಪಸ್ ಹೋಗುತ್ತದೆ, ಉಳಿಯುವುದು ಸುಮಾರು 400. ಹೊರಗಿನಿಂದ ಬೇಕಾಗುವುದು 3400. ಆದರೆ ಇದು ದಮ್ಮಸ್ಸು ಮಾಡಿ ಕೂತ ಮಣ್ಣಿನ ಲೆಕ್ಕ. ಟಿಪ್ಪರಿನಲ್ಲಿ ಬರುವುದು ಸಡಿಲ ಮಣ್ಣು, ಅದಕ್ಕೆ ಕಾಲು ಭಾಗ ಸೇರಿಸಿ. 4250 ಆಯಿತು.

ಮಣ್ಣಿನವರು ಹೇಳುವುದು ಲೋಡಿನ ರೇಟು, ಘನ ಅಡಿಯ ರೇಟಲ್ಲ. ಲೋಡು ಎಂದರೆ ಎಷ್ಟು? ಮೊದಲ ಗಾಡಿ ಬಂದಾಗಲೇ ಬಾಡಿಯ ಒಳಗಿನ ಉದ್ದ, ಅಗಲ, ಎತ್ತರ ಅಳೆಯಿರಿ. 10 ಅಡಿ ಉದ್ದ, 6.5 ಅಗಲ, 3 ಅಡಿ ಎತ್ತರವಿದ್ದರೆ 195 ಘನ ಅಡಿ, ಅಂದರೆ ನಮಗೆ 22 ಲೋಡು ಬೇಕು. ಲೋಡಿಗೆ 3,000 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ 66,000 ಆಯಿತು. ನಿಮ್ಮೂರಿನ ರೇಟು ಹಾಕಿ ನೋಡಿ. ತಗ್ಗಿನ ಸೈಟು ಅಗ್ಗಕ್ಕೆ ಸಿಕ್ಕಿತು ಎನ್ನುವಾಗ ಈ ಮೊತ್ತವನ್ನೂ ಸೈಟಿನ ಬೆಲೆಗೆ ಸೇರಿಸಿಕೊಳ್ಳಬೇಕು.

ಇಲ್ಲೊಂದು ಮುಖ್ಯ ಮಾತು. ಮೊದಲು ಮಣ್ಣು ತುಂಬಿಸಿ ಆಮೇಲೆ ಪಾಯ ತೆಗೆಯುವುದು ಬೇಡ. ತುಂಬಿಸಲು ಒಂದು ಸಲ ದುಡ್ಡು, ಅದನ್ನೇ ಅಗೆಯಲು ಇನ್ನೊಂದು ಸಲ ದುಡ್ಡು. ಮೂಲ ನೆಲದಿಂದಲೇ ಗುಂಡಿ ತೆಗೆದು, ಫೂಟಿಂಗ್ ಮುಗಿಸಿ, ಪಿಲ್ಲರ್ ಎತ್ತಿ, ಮನೆಯ ನೆಲಮಟ್ಟದಲ್ಲಿ ಪಿಲ್ಲರುಗಳನ್ನು ಸೇರಿಸುವ ಪ್ಲಿಂತ್ ಬೀಮ್ ಆದ ಮೇಲೆ ತುಂಬಿಸಿ. ಫೂಟಿಂಗ್ ಕೂರಬೇಕಾದದ್ದು ಮೂಲ ಗಟ್ಟಿ ನೆಲದ ಮೇಲೆ, ತುಂಬಿಸಿದ ಮಣ್ಣಿನ ಮೇಲೆ ಅಲ್ಲವೇ ಅಲ್ಲ.

ಅಗೆತದ ದಿನ

ಜೆಸಿಬಿ ಗಂಟೆ ಲೆಕ್ಕದಲ್ಲಿ ಬರುತ್ತದೆ. ಕನಿಷ್ಠ ಎಷ್ಟು ಗಂಟೆ ಹಿಡಿಯುತ್ತಾರೆ, ಬಂದು ಹೋಗುವ ಸಮಯವೂ ಸೇರುತ್ತದಾ ಎಂದು ಮೊದಲೇ ಕೇಳಿ. ಶುರು ಮಾಡುವಾಗ, ಮುಗಿಸುವಾಗ ಅದರ ಅವರ್ ಮೀಟರಿನ ಫೋಟೋ ತೆಗೆಯಿರಿ. ಗಾಡಿ ಬರುವ ಹಿಂದಿನ ದಿನವೇ ಮಾರ್ಕಿಂಗ್ ಮುಗಿದಿರಬೇಕು. ಇಲ್ಲದಿದ್ದರೆ ಮೇಸ್ತ್ರಿ ದಾರ ಕಟ್ಟುವವರೆಗೆ ಮೀಟರ್ ಓಡುತ್ತಿರುತ್ತದೆ. ಕೊನೆಯ ಅರ್ಧ ಅಡಿ ಕೈಯಲ್ಲೇ ತೆಗೆಸಿ, ಬಕೆಟ್ಟಿನ ಹಲ್ಲು ತಳವನ್ನು ಸಡಿಲ ಮಾಡುತ್ತದೆ. ಎಲ್ಲಾದರೂ ಜಾಸ್ತಿ ಆಳವಾದರೆ ಮಣ್ಣು ಹಾಕಿ ಮುಚ್ಚಬಾರದು, ಫೂಟಿಂಗ್ ಕೆಳಗೆ ಹಾಸುವ ಬೆಡ್ ಕಾಂಕ್ರೀಟಿನಿಂದಲೇ ಮಟ್ಟಕ್ಕೆ ತರಬೇಕು. ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆ ರಾಶಿ ಹಾಕಿಸಿ. ಬೇರು, ಗೊಬ್ಬರ ತುಂಬಿದ ಆ ಮಣ್ಣು ಮನೆಯೊಳಗೆ ತುಂಬಲು ಬರುವುದಿಲ್ಲ, ಗಿಡಗಳಿಗೆ ಚಿನ್ನ.

ಬಂಡೆ ಬಂದರೆ ಬ್ರೇಕರ್ ಗಾಡಿ ಬೇಕು, ಅದರ ಗಂಟೆಯ ಬಾಡಿಗೆಯೇ ಬೇರೆ. ಮನೆಗಳ ನಡುವೆ ಸಿಡಿಮದ್ದು ಸಿಡಿಸುವ ಮಾತೇ ಬೇಡ. ಆದರೆ ಬ್ರೇಕರ್ ಕರೆಸುವ ಮೊದಲು ಎಂಜಿನಿಯರಿಗೆ ಫೋನ್ ಮಾಡಿ. ಗಟ್ಟಿ ಬಂಡೆ ಸೈಟಿನ ಉದ್ದಕ್ಕೂ ಹರಡಿದ್ದರೆ ಅದರ ಮೇಲೆಯೇ ಫೂಟಿಂಗ್ ಕೂರಿಸಲು ಸಾಧ್ಯವಾಗಬಹುದು, ಆಗ ಒಡೆಯುವ ಖರ್ಚೇ ಉಳಿಯುತ್ತದೆ. ಬರೀ ಒಂಟಿ ಗುಂಡಾದರೆ ತೆಗೆಯಲೇಬೇಕು.

ಬೋರ್‌ವೆಲ್ ಹಾಕಿಸುವುದಿದ್ದರೆ ಪಾಯಕ್ಕೆ ಮೊದಲೇ ಹಾಕಿಸಿ, ಆಮೇಲೆ ಲಾರಿ ಒಳಗೆ ಬರಲು ಜಾಗವೇ ಇರುವುದಿಲ್ಲ. ಅನುಮತಿ ಬೇಕಾ ಎಂದು ಮೊದಲು ವಿಚಾರಿಸಿ. ಸಂಪನ್ನೂ ಪಾಯದ ಜೊತೆಗೇ ಕಟ್ಟಿಸಿ. 6×6×6 ಅಡಿಯ ಸಂಪು ಸುಮಾರು 6,100 ಲೀಟರ್ ಹಿಡಿಯುತ್ತದೆ, ಕಾಂಕ್ರೀಟನ್ನು ಒದ್ದೆಯಾಗಿಡುವ ಕ್ಯೂರಿಂಗ್‌ಗೆ ನೀರು ಅಲ್ಲಿಂದಲೇ. ಫೂಟಿಂಗ್‌ಗೆ ತೀರಾ ಹತ್ತಿರ ಬೇಡ. ಬೆಂಗಳೂರಿನಲ್ಲಿ 30×40 ಸೈಟಿನ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ, ಅದರ ಗುಂಡಿಯನ್ನೂ ಜೆಸಿಬಿ ಇದ್ದಾಗಲೇ ತೆಗೆಸಿಬಿಡಿ.

ಪ್ಲಿಂತ್ ಒಳಗೆ, ಅಂದರೆ ಮೂಲ ನೆಲದಿಂದ ಮನೆಯ ನೆಲಮಟ್ಟದವರೆಗಿನ ಭಾಗದಲ್ಲಿ, ತುಂಬುವಾಗ ಕೆಂಪು ಮಣ್ಣೋ ಮೊರಮ್ಮೋ ಇರಲಿ, ಎರೆ ಮಣ್ಣು ಬೇಡ, ಮರದ ಚೂರು ಪ್ಲಾಸ್ಟಿಕ್ ಸೇರಿದ ಡೆಬ್ರಿಸ್ ಬೇಡ. ಆರರಿಂದ ಎಂಟು ಇಂಚಿಗೆ ಒಂದು ಪದರ, ನೀರು, ದಮ್ಮಸ್ಸು, ಆಮೇಲೆ ಮುಂದಿನ ಪದರ. ಎರಡು ಅಡಿಯನ್ನು ಒಂದೇ ಸಲ ಸುರಿದು ಮೇಲೆ ನೀರು ಬಿಟ್ಟರೆ ಎರಡೇ ವರ್ಷದಲ್ಲಿ ಟೈಲ್ಸ್ ಕುಸಿಯುವುದನ್ನು ನೋಡಬಹುದು. ಇಲ್ಲಿ ನೀವೇ ಎದುರು ನಿಂತಿರಬೇಕು. ಗೆದ್ದಲಿನ ಔಷಧಿ ಹೊಡೆಸುವುದೂ ಈಗಲೇ. ಪ್ಲಿಂತ್ ಮಣ್ಣಿಗೆ ಚದರ ಮೀಟರಿಗೆ 5 ಲೀಟರ್ ದ್ರಾವಣ ಎಂಬುದು ಮಾನಕ. 800 ಚದರಡಿ ಎಂದರೆ 74 ಚದರ ಮೀಟರ್, 370 ಲೀಟರ್ ಬೇಕು. ಬೆನ್ನಿಗೆ ಹಾಕುವ ಒಂದು ಸ್ಪ್ರೇ ಕ್ಯಾನಿನಲ್ಲಿ ಮುಗಿಸಿ ಹೋಗಲು ಬಿಡಬೇಡಿ. ಸಂಪು, ಬಾವಿಯ ಹತ್ತಿರ ಮಾತ್ರ ಆ ಔಷಧಿ ಹೋಗಬಾರದು.

ಇನ್ನು ಸಮಯ. ಆಷಾಢದಲ್ಲಿ, ಧನುರ್ಮಾಸದಲ್ಲಿ ಹೆಚ್ಚಿನವರು ಶುರು ಮಾಡುವುದಿಲ್ಲ. ಮಳೆಗಾಲದಲ್ಲಿ ಗುಂಡಿಗೆ ನೀರು ತುಂಬಿ, ಪಂಪು ಇಟ್ಟು ಖಾಲಿ ಮಾಡಿ, ಕೆಸರು ತೆಗೆಸಿ, ಮತ್ತೆ ಕೂಲಿ ಕೊಡುವ ಪಾಡು. ಸಂಕ್ರಾಂತಿ ಕಳೆದ ಕೂಡಲೇ ಗುದ್ದಲಿ ಪೂಜೆ ಮಾಡಿ ಯುಗಾದಿಯೊಳಗೆ ಪ್ಲಿಂತ್ ಮುಗಿಸುವ ಹಾಗೆ ಯೋಜನೆ ಹಾಕಿದರೆ ಒಳ್ಳೆಯದು. ಹಾಗೆ ಮಾಡಬೇಕಾದರೆ ಸರ್ವೆ, ಸಾಯಿಲ್ ಟೆಸ್ಟ್, ಪ್ಲಾನ್ ಮಂಜೂರಾತಿ ಎಲ್ಲ ದೀಪಾವಳಿಯ ಹೊತ್ತಿಗೇ ಶುರುವಾಗಬೇಕು.

ಎಲ್ಲ ಕೂಡಿಸಿದ ಮೇಲೆ ಕೆಂಪು ಮಣ್ಣಿನ ನೆಲವಾದರೆ ಶೇ. 15, ಬಂಡೆಯ ಅನುಮಾನ ಅಥವಾ ಎರೆ ಮಣ್ಣಿದ್ದರೆ ಶೇ. 25ರಷ್ಟು ಬೇರೆ ತೆಗೆದಿಡಿ. ಇದು ನನ್ನ ಅಂದಾಜು, ಆದರೆ ಇದಕ್ಕಿಂತ ಕಡಿಮೆ ಇಡಬೇಡಿ. ಈ ದುಡ್ಡು ಕೈಯಲ್ಲೇ ಇರಬೇಕು. ಬ್ಯಾಂಕಿನವರು ಸಾಲವನ್ನು ಹಂತ ಹಂತವಾಗಿ ಬಿಡುತ್ತಾರೆ, ಮೊದಲು ನಿಮ್ಮ ಪಾಲು ಹಾಕಿ ಎನ್ನುತ್ತಾರೆ. ಹಾಗಾಗಿ ಮಣ್ಣಿನ ಕೆಲಸ ಹೆಚ್ಚಾಗಿ ಸ್ವಂತ ದುಡ್ಡಿನಲ್ಲೇ ಆಗುತ್ತದೆ.

ಈಗ ಗುತ್ತಿಗೆದಾರರನ್ನು ಕರೆಯಿರಿ. ಕರಾರಿನಲ್ಲಿ ಬರೆಸಬೇಕಾದ್ದು: ಪಾಯದ ಆಳ ಎಷ್ಟರವರೆಗೆ ರೇಟಿನೊಳಗೆ, ಅದಕ್ಕಿಂತ ಕೆಳಗೆ ಹೋದರೆ ಘನ ಅಡಿಗೆ ಎಷ್ಟು, ಬಂಡೆ ಒಡೆಯುವ ಖರ್ಚು ಯಾರದು, ಪ್ಲಿಂತ್ ಎತ್ತರವನ್ನು ರಸ್ತೆಯಿಂದ ಅಳೆಯುತ್ತಾರೋ ಮೂಲ ನೆಲದಿಂದಲೋ, ತುಂಬುವ ಮಣ್ಣು ಯಾರ ಲೆಕ್ಕಕ್ಕೆ, ಉಳಿದ ಮಣ್ಣು ಸಾಗಿಸುವವರು ಯಾರು. ಆಳ ಹೆಚ್ಚಾದರೆ ಕಾಂಕ್ರೀಟ್ ಹಾಕುವ ಮೊದಲು ಇಬ್ಬರೂ ನಿಂತು ಗುಂಡಿ ಅಳೆದು ಸಹಿ ಹಾಕಬೇಕು ಎಂಬ ಒಂದು ಸಾಲನ್ನೂ ಸೇರಿಸಿ. ಮುಚ್ಚಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ.