ಪುಣೆದಾಗ ಓದು ಮುಗೀತು, ಕಡೇ ಶನಿವಾರ-ರವಿವಾರ ಹೆಂಗ ಕಳೀಬೇಕು

ಎರಡು ವರ್ಷ ಪುಣೆದಾಗ ಇದ್ದು ಇದನ್ನ ನೋಡಿಲ್ಲ ಅದನ್ನ ನೋಡಿಲ್ಲ ಅಂತ ಎಲ್ಲಾರಿಗೂ ನೆನಪಾಗೂದು ಕಡೇ ವಾರದಾಗನ. ಆಗ ಒಂದು ಲಿಸ್ಟ್ ಮಾಡ್ತೀವಿ, ಸಿಂಹಗಡ, ಲೋಣಾವಳಾ, ಮಹಾಬಳೇಶ್ವರ, ಎಲ್ಲಾ ಎರಡೇ ದಿನದಾಗ. ಆ ಲಿಸ್ಟ್ ಹರದು ಒಗೀರಿ. ನಾ ಅದನ್ನ ಮಾಡಿ ಕೆಟ್ಟೀನಿ, ಶನಿವಾರ ಪೂರ್ತಿ ಲೋಣಾವಳಾ ರೋಡಿನ ಟ್ರಾಫಿಕ್‌ನಾಗ ಹೋತು, ರವಿವಾರ ಗಂಟುಮೂಟಿ ಕಟ್ಟೂದರಾಗ ಹೋತು, ಎರಡು ವರ್ಷ ದಿನಾ ಬಿಸಿ ಚಪಾತಿ ಹಾಕಿದ ಮೆಸ್ ಕಾಕೂಗೆ ಒಂದು ಮಾತು ಹೇಳದ ಬಸ್ ಹತ್ತಿದೆ. ಹುಬ್ಬಳ್ಳಿಗೆ ಪುಣೆ ಏನ್ ದೂರ ಹೇಳ್ರಿ, ಒಂದು ರಾತ್ರಿ ಬಸ್ಸು, ಈಗ ವಂದೇ ಭಾರತ್ ಬ್ಯಾರೆ ಆಗೇತಿ. ಲೋಣಾವಳಾ ಮತ್ತ ನೋಡಬಹುದು, ಆದ್ರ ನೀವು ಇಲ್ಲಿ ದಿನಾ ಇದ್ದ ರೀತಿ ಮತ್ತ ಸಿಗೂದಿಲ್ಲ, ಅದಕ್ಕ ಟೈಮ್ ಇಡ್ರಿ.

ಮೊದಲು ಶುಕ್ರವಾರದ ಕೆಲಸ, ಇದು ಮುಗೀಲಿಲ್ಲ ಅಂದ್ರ ಮುಂದಿಂದೆಲ್ಲಾ ಹಾಳ. ಕಾಲೇಜಿನ ನೋ ಡ್ಯೂಸ್, ಲೈಬ್ರರಿ ಕಾರ್ಡು, ಮುಂದ ಬ್ಯಾರೆ ಯೂನಿವರ್ಸಿಟಿಗೆ ಸೇರೋರಿದ್ರ ಮೈಗ್ರೇಶನ್ ಸರ್ಟಿಫಿಕೇಟ್‌ಗೆ ಅರ್ಜಿ. ರೂಮ್ ಖಾಲಿ ಮಾಡೋಕಿಂತ ಮೊದಲು ಗೋಡಿ, ಫ್ಯಾನು, ನಳ, ಲೈಟ್ ಮೀಟರ್ ಎಲ್ಲಾದರ ಫೋಟೋ ಹೊಡಕೋರಿ, ಓನರ್ ಎದುರಿಗೇ. ನಮ್ಮ ಓನರ್ ಡಿಪಾಸಿಟ್‌ನಾಗ ಪೇಂಟಿಂಗ್ ಖರ್ಚು ಅಂತ ಮುರಕೊಂಡಾಗ ನನ್ನ ಕಡೆ ತೋರಸಾಕ ಏನೂ ಇರಲಿಲ್ಲ. ಹಳೇ ಪುಸ್ತಕ ರದ್ದಿಗೆ ಹಾಕಬ್ಯಾಡ್ರಿ, ಅಪ್ಪಾ ಬಳವಂತ ಚೌಕಕ್ಕ ಒಯ್ರಿ, ಅಲ್ಲಿ ಸೆಕೆಂಡ್ ಹ್ಯಾಂಡ್ ತಗೋತಾರ, ರೇಟು ಕಮ್ಮೀನ ಬರ್ತೈತಿ ಆದ್ರ ರದ್ದಿಗಿಂತ ವಾಸಿ. ಬೈಕ್ ಇದ್ರ ರೈಲ್ವೆ ಪಾರ್ಸೆಲ್ ಆಫೀಸಿಗೆ ಆರ್‌ಸಿ, ಐಡಿ ಝೆರಾಕ್ಸ್ ತಗೊಂಡು ಹೋಗ್ರಿ, ಟ್ಯಾಂಕಿನಾಗ ಪೆಟ್ರೋಲ್ ಒಂದು ಹನಿ ಇರಬಾರದು, ಗೋಣಿ ಸುತ್ತಿ ಪ್ಯಾಕ್ ಮಾಡಸಬೇಕು.

ಶನಿವಾರ ಒಂದೇ ಒಂದು ಟೂರು, ಅದು ಸಿಂಹಗಡ. ಊರಿಂದ ಸುಮಾರು 30 ಕಿಲೋಮೀಟರ್. ಸ್ವಾರಗೇಟಿಂದ ನಸುಕಿನ ಬಸ್ಸಿಗೇ ಹೋಗ್ರಿ, ಬುಡದಿಂದ ನಡಕೊಂಡು ಹತ್ರಿ, ಒಂದು-ಒಂದೂವರೆ ತಾಸು. ತಡಾ ಮಾಡಿ ಹೋದ್ರ ಇಡೀ ಪುಣೆ ಅಲ್ಲೇ ಇರ್ತೈತಿ. 1670ರಾಗ ಶಿವಾಜಿ ಮಹಾರಾಜರ ಸರದಾರ ತಾನಾಜಿ ಮಾಲುಸರೆ ರಾತ್ರಿ ಹತ್ತಿದ ಕೋಟಿ ಇದು, ನಾವು ಹಗಲಿನಾಗ ಹತ್ತಾಕ ತೇಕತೀವಿ. ಮ್ಯಾಲ ಪಿಠ್ಲಾ-ಭಾಕರಿ ತಿನ್ರಿ, ಅಂದ್ರ ನಮ್ಮ ಪಿಟ್ಲ-ರೊಟ್ಟಿನ, ಆದ್ರ ಹಸದ ಹೊಟ್ಟಿ, ಆ ಗಾಳಿ, ಮಣ್ಣಿನ ಕುಡಿಕ್ಯಾಗಿನ ಗಟ್ಟಿ ಮೊಸರು ಸೇರಿ ರುಚಿ ಬ್ಯಾರೆನ ಆಗ್ತೈತಿ. (ನಮ್ಮವ್ವನ ಮುಂದ ಇದನ್ನ ಹೇಳಿಲ್ಲ.) ಹನ್ನೊಂದರೊಳಗ ಕೆಳಗ ಇಳೀರಿ.

ಮಧ್ಯಾಹ್ನ ಮಲಗ್ರಿ. ಪೇಠಿನ ಅಂಗಡಿಗೋಳು ಹೆಂಗೂ ಮಲಗಿರ್ತಾವ.

ಸಂಜಿಗೆ ಕ್ಯಾಂಪಿಗೆ ಹೋಗಿ ಕಯಾನಿ ಬೇಕರಿ ಶ್ರೂಸ್‌ಬರಿ ಬಿಸ್ಕಿಟ್ ತಗೋರಿ, ರವಿವಾರಕ್ಕ ಇಡಬ್ಯಾಡ್ರಿ. ಅಲ್ಲಿಂದ ಎಫ್‌ಸಿ ರೋಡು. ಗುಡ್‌ಲಕ್ ಕೆಫೆದಾಗ ಬನ್ ಮಸ್ಕಾ ಇಲ್ಲಾ ವೈಶಾಲಿ ಹೋಟೆಲಿನಾಗ ಎಸ್‌ಪಿಡಿಪಿ (ಸೇವ್ ಪೊಟಾಟೊ ದಹಿ ಪುರಿ), ಜಗಳ ಬ್ಯಾಡ, ಎರಡೂ ತಿನ್ರಿ. ವೈಶಾಲಿ ನಮ್ಮ ಕರಾವಳಿ ಕಡಿಯ ಜಗನ್ನಾಥ ಶೆಟ್ಟರು ಬೆಳಸಿದ್ದು, ಮರಾಠಿ ಗೆಳ್ಯಾರಿಗೆ ಇದನ್ನ ಪ್ರತೀ ಸಲ ಹೇಳಿ ತಲಿ ತಿಂದಿರ್ತೀರಿ, ಕಡೇ ಸಲ ಇನ್ನೊಮ್ಮೆ ಹೇಳ್ರಿ.

ರವಿವಾರ ಮುಂಜಾನೆ ಜಂಗ್ಲಿ ಮಹಾರಾಜ ರೋಡಿನ ಪಾತಾಳೇಶ್ವರ. ಎಷ್ಟು ಸಲ ಅದರ ಮುಂದ ಬಸ್ಸಿನಾಗ ಹೋಗಿರ್ತೀವಿ ಒಳಗ ಮಾತ್ರ ಕಾಲಿಟ್ಟಿರೂದಿಲ್ಲ. 8ನೇ ಶತಮಾನದ ಗುಹಾ ಗುಡಿ, ಕಪ್ಪು ಬಂಡಿ ಕೊರದು ಮಾಡಿದ್ದು, ಮುಂದ ದುಂಡನ ನಂದಿ ಮಂಟಪ. ರಾಷ್ಟ್ರಕೂಟರ ಕಾಲದ್ದು, ಅಂದ್ರ ಮುಂದ ನಮ್ಮ ಕಲಬುರಗಿ ಜಿಲ್ಲಾದ ಮಳಖೇಡದಿಂದ ಆಳಿದ ಮಂದಿ. ಅರ್ಧಾ ತಾಸು ಸುಮ್ನ ಕುಂದ್ರಿ, ರೋಡಿನ ಗದ್ದಲ ಅಲ್ಲಿ ಅಷ್ಟು ಕೇಳಸೂದಿಲ್ಲ.

ಈಗ ಮುಖ್ಯವಾದದ್ದು. ಮೆಸ್‌ಗೋಳು ಬಹಳಷ್ಟು ರವಿವಾರ ರಾತ್ರಿ ಬಂದ್ ಇರ್ತಾವ, ಅದಕ್ಕ ರವಿವಾರ ಮಧ್ಯಾಹ್ನದ ಫೀಸ್ಟ್ ನಿಮ್ಮ ಕಡೇ ಊಟಾ ಅಂತ ಮೊದಲ ತಿಳಕೋರಿ. ಗದ್ದಲ ಕಮ್ಮಿ ಆದಮ್ಯಾಲ, ಎರಡರ ಸುಮಾರಿಗೆ ಹೋಗ್ರಿ, ಇಲ್ಲಾಂದ್ರ ಕಾಕೂಗೆ ನಿಮ್ಮ ಕೂಡ ಮಾತಾಡಾಕ ಪುರುಸೊತ್ತು ಇರೂದಿಲ್ಲ. ಹಿಂದಿನ ವಾರ ಊರಿಂದ ಯಾರಾದ್ರೂ ಬರೋರಿದ್ರ ಧಾರವಾಡ ಪೇಡಾ ಇಲ್ಲಾ ಗೋಕಾಕ ಕರದಂಟು ತರಸಿ ಇಡ್ರಿ, ಕಾಕೂಗೆ ಒಂದು ಡಬ್ಬಿ, ವಾಚ್‌ಮನ್ ಕಾಕಾಗ ಒಂದು. ರೊಕ್ಕಾ ಕೊಡಾಕ ಹೋದ್ರ ಮಂದಿ ಮುಜುಗರ ಪಡ್ತಾರ, ಪೇಡಾ ಯಾರೂ ಬ್ಯಾಡ ಅನ್ನೂದಿಲ್ಲ. ಚಹಾ ಟಪರಿಯಾಗ ಉದ್ರಿ ಇದ್ರ ತೀರಸ್ರಿ, ಅಂವಾ ಮರತಿದ್ರೂ ನೀವ ನೆನಪು ಮಾಡ್ರಿ. ಮತ್ತ ಅಲ್ಲೇ ನಿಂತು ಒಂದು ಕಟಿಂಗ್, ಅಂದ್ರ ಅರ್ಧಾ ಚಹಾ, ಕುಡೀರಿ, ಫೋಟೋ ತಗೋರಿ, ಗುಡ್ಡಾ ಕೋಟಿ ಫೋಟೋ ನೆಟ್ಟಿನಾಗೂ ಸಿಗ್ತಾವ, ಆ ಟಪರಿದು ಸಿಗೂದಿಲ್ಲ.

ಇನ್ನೂ ಏನರ ಉಳದ್ರ ಉಳೀಲಿ. ಗದಗಿನ ಭೀಮಸೇನ ಜೋಶಿಯವರು ಗುರುಗಳ ನೆನಪಿಗೆ 1953ರಾಗ ಶುರು ಮಾಡಿದ ಸವಾಯಿ ಗಂಧರ್ವ ಸಂಗೀತ ಉತ್ಸವ ಡಿಸೆಂಬರ್‌ದಾಗ ಇರ್ತೈತಿ, ಅದನ್ನ ನೆವಾ ಮಾಡಿಕೊಂಡು ಮತ್ತ ಬರ್ರಿ.

ಟಿಕೆಟ್ ರವಿವಾರ ರಾತ್ರಿದು ಮಾಡಬ್ಯಾಡ್ರಿ, ಸೋಮವಾರದ್ದು ಮಾಡ್ರಿ, ಕೀಲಿ ಕೊಟ್ಟು ಡಿಪಾಸಿಟ್ ಇಸಕೊಳ್ಳಾಕ ಒಂದು ಹೊತ್ತು ಬೇಕು. ಚಿತಳೆ ಬಾಕರವಡಿ ಮನಿಗೆ ಎಷ್ಟು ಬೇಕೋ ಅದಕ್ಕಿಂತ ಒಂದು ಪಾಕೀಟು ಹೆಚ್ಚಿಗಿ ತಗೊಂಡು ಬ್ಯಾಗಿನ ಮ್ಯಾಲಿನ ಖಾನೆದಾಗ ಇಡ್ರಿ, ಸಾತಾರಾ ದಾಟೂದರಾಗ ಅದು ಖಾಲಿ ಆಗಿರ್ತೈತಿ.